ಮದುವೆ ತಯಾರಿ: ಯಾವ ತೀರ್ಮಾನ ಯಾರದು ಎಂಬಲ್ಲಿಂದ ಶುರು ಮಾಡಿ

ಹಾಲ್ ಗೊತ್ತು ಮಾಡಿ, ಅಡ್ವಾನ್ಸ್ ಕೊಟ್ಟು, ರಸೀದಿ ತಂದು ಕಪಾಟಿನಲ್ಲಿಟ್ಟು ಎರಡು ವಾರವಾಗಿರುತ್ತದೆ. ಒಂದು ಸಂಜೆ ದೊಡ್ಡಪ್ಪನ ಫೋನ್ ಬರುತ್ತದೆ: ‘ಅಲ್ಲಮ್ಮಾ, ಅದಕ್ಕಿಂತ ದೊಡ್ಡ ಹಾಲ್ ಸಿಗ್ತಿರಲಿಲ್ವಾ? ನಮ್ಮ ಕಡೆಯವರೇ ಅಷ್ಟು ಜನ ಇದ್ದಾರಲ್ಲ.’ ಫೋನ್ ಇಟ್ಟ ಮೇಲೆ ಅಪ್ಪ ‘ಹೌದಲ್ಲ’ ಎನ್ನುತ್ತಾರೆ, ಅಮ್ಮ ‘ನಾನು ಆಗಲೇ ಹೇಳಿದ್ದೆ’ ಎನ್ನುತ್ತಾರೆ. ಮುಗಿದಿದ್ದ ವಿಷಯ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮದುವೆ ತಯಾರಿಯಲ್ಲಿ ಜನ ಹೈರಾಣಾಗುವುದು ಹೆಚ್ಚಾಗಿ ಇಂಥ ಕಡೆ. ಕೆಲಸ ರಾಶಿ ಇದ್ದರೂ ಒಂದೊಂದಾಗಿ ಮಾಡಿ ಮುಗಿಸಬಹುದು. ಆದ ತೀರ್ಮಾನ ನಿಲ್ಲದಿದ್ದರೆ ಮಾತ್ರ ಏನೂ ಮುಗಿಯುವುದಿಲ್ಲ.

ಸ್ವಲ್ಪ ಒತ್ತಡ ಇದ್ದೇ ಇರುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಮನೋವೈದ್ಯರು 1967ರಲ್ಲಿ ಬದುಕಿನ 43 ಘಟನೆಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೆ ಹೊಂದಿಕೊಳ್ಳಲು ಎಷ್ಟು ಶ್ರಮ ಬೇಕು ಎಂದು ಅಂಕ ಕೊಡಿಸಿದರು. ಅದರಲ್ಲಿ ಅಳತೆಗೋಲಾಗಿ ಇಟ್ಟುಕೊಂಡಿದ್ದು ಮದುವೆಯನ್ನೇ. ಮದುವೆಗೆ 500 ಅಂಕ ಎಂದಿಟ್ಟುಕೊಂಡು ಉಳಿದವನ್ನು ಅದರ ಜೊತೆ ಹೋಲಿಸಿ ಹೇಳಿ ಎಂದರು. ಬಂದ ಸರಾಸರಿಯನ್ನು ಹತ್ತರಿಂದ ಭಾಗಿಸಿದಾಗ ಮದುವೆಗೆ 50 ಆಯಿತು, ಸಂಗಾತಿಯ ಸಾವಿಗೆ 100 ಬಂತು, ಕೆಲಸದಿಂದ ತೆಗೆದುಹಾಕುವುದಕ್ಕೆ 47 ಬಂತು. ಅಂದರೆ ಸಂತೋಷದ ಬದಲಾವಣೆಯೂ ಮೈಮನಸ್ಸಿಗೆ ಭಾರವೇ. ಆ ಭಾರದ ಮೇಲೆ ಬೇಡದ ಗೊಂದಲ ಬಂದು ಕೂರದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು. ಅದನ್ನು ಯಾವ ಕ್ರಮದಲ್ಲಿ ಮಾಡಬಹುದು ಎಂದು ಇಲ್ಲಿ ಹೇಳುತ್ತೇನೆ. ಕ್ರಮ ಮುಖ್ಯ, ಏಕೆಂದರೆ ಮೊದಲಿನದು ಆಗದೆ ಮುಂದಿನದಕ್ಕೆ ಕೈ ಹಾಕಿದರೆ ಎರಡೂ ಕೆಡುತ್ತವೆ.

ಮೊದಲ ಹೆಜ್ಜೆ: ಯಾರ ಮಾತು ಎಲ್ಲಿ ನಡೆಯುತ್ತದೆ

ಮದುವೆಯಾಗುವ ಇಬ್ಬರೂ ಮನೆಯವರನ್ನು ಬಿಟ್ಟು ಒಂದು ಸಂಜೆ ಕೂತುಕೊಳ್ಳಿ. ಇಬ್ಬರೂ ಬೇರೆಬೇರೆ ಹಾಳೆಯಲ್ಲಿ, ಒಬ್ಬರದ್ದನ್ನು ಇನ್ನೊಬ್ಬರು ನೋಡದೆ, ಆ ದಿನ ನಿಮಗೆ ಬೇಕೇ ಬೇಕಾದ ಮೂರು ಸಂಗತಿ ಬರೆಯಿರಿ. ಕೆಳಗೆ, ಹೇಗಿದ್ದರೂ ನಡೆಯುತ್ತದೆ ಎನಿಸುವ ಮೂರನ್ನು ಬರೆಯಿರಿ. ಆಮೇಲೆ ಹಾಳೆ ಬದಲಾಯಿಸಿಕೊಂಡು ಓದಿ. ಒಬ್ಬರಿಗೆ ಒಳ್ಳೆಯ ಸಂಗೀತ ಮುಖ್ಯ, ಇನ್ನೊಬ್ಬರಿಗೆ ಅಜ್ಜಿ ಆರಾಮಾಗಿ ಕೂತು ನೋಡುವಂತಿರಬೇಕು, ಅಲಂಕಾರ ಹೇಗಿದ್ದರೂ ಇಬ್ಬರಿಗೂ ಅಡ್ಡಿಯಿಲ್ಲ, ಹೀಗೆ ಏನಾದರೂ ಹೊರಬರುತ್ತದೆ. ‘ಹೇಗಿದ್ದರೂ ನಡೆಯುತ್ತದೆ’ ಎಂದು ಬರೆದದ್ದೆಲ್ಲ ಹಿರಿಯರಿಗೆ ಬಿಟ್ಟುಕೊಡಬಹುದಾದ ಜಾಗ. ಬಿಟ್ಟುಕೊಡುವುದಾದರೆ ಪೂರ್ತಿ ಬಿಟ್ಟುಕೊಡಿ. ಅಲಂಕಾರದ ಜವಾಬ್ದಾರಿ ಅತ್ತೆಯವರಿಗೆ ಕೊಟ್ಟ ಮೇಲೆ ಹೂವಿನ ಬಣ್ಣದ ಬಗ್ಗೆ ತಕರಾರು ತೆಗೆಯಬಾರದು.

ಇದಾದ ಮೇಲೆ ಎರಡೂ ಮನೆಯವರ ಜೊತೆ ಕೂತು ಒಂದು ಪಟ್ಟಿ ಮಾಡಿ: ಕೆಲಸ ಯಾವುದು, ತೀರ್ಮಾನ ಯಾರದು, ಹಣ ಯಾರದು, ಯಾವ ತಾರೀಖಿನೊಳಗೆ ಆಗಬೇಕು. ಒಂದು ಕೆಲಸದ ಎದುರು ಒಂದೇ ಹೆಸರಿರಲಿ. ಹೆಚ್ಚೆಂದರೆ ಎರಡು. ‘ಎಲ್ಲರೂ ಸೇರಿ ನೋಡೋಣ’ ಎಂದು ಬರೆದ ಕೆಲಸವನ್ನು ಯಾರೂ ನೋಡುವುದಿಲ್ಲ. ಹಣ ಕೊಡುವವರಿಗೆ ಮಾತಾಡುವ ಹಕ್ಕು ಎಷ್ಟು ಎಂಬುದನ್ನು ಇಲ್ಲೇ ಬಾಯಿಬಿಟ್ಟು ಕೇಳಿಬಿಡಬೇಕು. ಕೇಳಲು ಸಂಕೋಚವಾಗುತ್ತದೆ, ನಿಜ. ಆದರೆ ‘ಅಪ್ಪಾ, ಊಟದ ಖರ್ಚು ನೀವು ನೋಡ್ಕೋತೀನಿ ಅಂದಿದ್ದೀರಿ. ಏನೇನು ಮಾಡಿಸಬೇಕು ಅನ್ನೋದನ್ನ ನೀವೇ ಹೇಳ್ತೀರಾ, ನಾವೂ ನೋಡಬಹುದಾ?’ ಎಂದು ಮೊದಲೇ ಕೇಳಿದರೆ ಅದು ಮಾತುಕತೆ. ಮದುವೆಗೆ ಹತ್ತು ದಿನ ಇರುವಾಗ ಕೇಳಿದರೆ ಜಗಳ.

ತೀರ್ಮಾನವಾದದ್ದನ್ನೆಲ್ಲ ತಾರೀಖು ಹಾಕಿ ಬರೆದು, ಎರಡೂ ಮನೆಗೆ ಒಂದೊಂದು ಪ್ರತಿ ಕೊಡಿ. ಯಾರಾದರೂ ಬದಲಾಯಿಸಬೇಕೆಂದರೆ ಒಂದೇ ನಿಯಮ: ಬದಲಾಯಿಸುವುದರಿಂದ ಎಷ್ಟು ಹಣ ಹೋಗುತ್ತದೆ, ಯಾರು ಓಡಾಡುತ್ತಾರೆ ಎಂಬುದನ್ನೂ ಜೊತೆಗೇ ಹೇಳಬೇಕು. ಫೋನ್ ಮಾಡಿದ ದೊಡ್ಡಪ್ಪನಿಗೆ ಎದುರಾಡಬೇಕಾಗಿಲ್ಲ. ‘ನೀವು ಹೇಳೋದು ಸರಿ ದೊಡ್ಡಪ್ಪ, ಈ ಹಾಲ್ ಬಿಟ್ಟರೆ ಕೊಟ್ಟ ಅಡ್ವಾನ್ಸ್ ವಾಪಸ್ ಬರಲ್ಲ, ಹಾಗಾಗಿ ಇದರಲ್ಲೇ ನಮ್ಮವರಿಗೆಲ್ಲ ಅನುಕೂಲ ಮಾಡೋಣ. ನೀವು ಸ್ವಾಗತದ ಹತ್ತಿರ ನಿಂತ್ಕೊಂಡರೆ ನಮಗೆ ಧೈರ್ಯ’ ಎಂದರೆ ಸಾಕು. ಹಿರಿಯರಿಗೆ ಎಷ್ಟೋ ಸಲ ಹಾಲ್ ಮುಖ್ಯವಾಗಿರುವುದಿಲ್ಲ, ತಮ್ಮನ್ನು ಕೇಳಲಿಲ್ಲ ಎಂಬುದೇ ನೋವಾಗಿರುತ್ತದೆ. ಮಾಡಲು ನಿಜವಾದ ಒಂದು ಕೆಲಸ ಕೊಟ್ಟರೆ ಆ ನೋವು ಅರ್ಧ ಇಳಿಯುತ್ತದೆ.

ಇನ್ನೊಂದು ಮಾತು. ಅವರವರ ಮನೆಯವರ ಜೊತೆ ಅವರವರೇ ಮಾತಾಡಬೇಕು. ಹುಡುಗನ ತಾಯಿಗೆ ‘ಆಗುವುದಿಲ್ಲ’ ಎಂದು ಹೇಳಬೇಕಾದವನು ಹುಡುಗನೇ. ಆ ಕೆಲಸವನ್ನು ಹುಡುಗಿಯ ತಲೆಗೆ ಕಟ್ಟಿದರೆ ಆ ಕಹಿ ಮದುವೆ ಮುಗಿದ ಮೇಲೂ ಮನೆಯಲ್ಲೇ ಉಳಿಯುತ್ತದೆ.

ಸಣ್ಣ ವಿಷಯಕ್ಕೆ ದೊಡ್ಡ ಚರ್ಚೆಯಾಗುವುದರ ಬಗ್ಗೆಯೂ ಎಚ್ಚರವಿರಲಿ. ಬ್ರಿಟಿಷ್ ಇತಿಹಾಸಕಾರ ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲಿ ಒಂದು ಸಮಿತಿಯ ಉದಾಹರಣೆ ಕೊಟ್ಟಿದ್ದರು. ಅಣು ರಿಯಾಕ್ಟರ್‌ನ ಖರ್ಚಿಗೆ ಕೆಲವೇ ನಿಮಿಷದಲ್ಲಿ ಒಪ್ಪಿಗೆ ಕೊಡುವ ಸದಸ್ಯರು ಸೈಕಲ್ ನಿಲ್ಲಿಸುವ ಶೆಡ್ಡಿನ ಬಗ್ಗೆ ಬಹಳ ಹೊತ್ತು ವಾದ ಮಾಡುತ್ತಾರೆ, ಯಾಕೆಂದರೆ ಶೆಡ್ ಎಲ್ಲರಿಗೂ ಅರ್ಥವಾಗುತ್ತದೆ. ಮದುವೆ ಮನೆಯಲ್ಲೂ ಅದೇ ಆಗುತ್ತದೆ. ಹಾಲ್‌ನ ಕರಾರು ಪತ್ರವನ್ನು ಯಾರೂ ಪೂರ್ತಿ ಓದುವುದಿಲ್ಲ, ಆಮಂತ್ರಣ ಪತ್ರಿಕೆಯ ಅಂಚಿನ ಬಣ್ಣಕ್ಕೆ ಮೂರು ದಿನ ಹೋಗುತ್ತದೆ. ಅಂಥವನ್ನು ಇಬ್ಬರಿಗೆ ವಹಿಸಿ, ಎರಡು ದಿನದ ಗಡುವು ಕೊಟ್ಟುಬಿಡಿ.

ಎರಡನೆಯ ಹೆಜ್ಜೆ: ಹಾಲ್‌ಗಿಂತ ಮೊದಲು ಹೆಸರುಗಳು

ಬಹಳ ಜನ ಮೊದಲು ಹಾಲ್ ನೋಡುತ್ತಾರೆ, ಆಮೇಲೆ ಅದು ತುಂಬುವಷ್ಟು ಜನರನ್ನು ಕರೆಯುತ್ತಾರೆ. ಆಗಬೇಕಾದದ್ದು ತಿರುಗಾಮುರುಗಾ. ಊಟ, ಕುರ್ಚಿ, ಆಮಂತ್ರಣ, ಉಡುಗೊರೆ, ಊರಿಂದ ಬಂದವರ ವಸತಿ, ಗಾಡಿ ವ್ಯವಸ್ಥೆ ಎಲ್ಲವೂ ಜನರ ಲೆಕ್ಕದ ಜೊತೆಗೇ ಏರುತ್ತವೆ. ‘ಸುಮಾರು ಮುನ್ನೂರು’ ಎಂಬ ಅಂದಾಜು ಸಾಲದು, ಹೆಸರುಗಳೇ ಬೇಕು. ಒಂದೊಂದು ಹೆಸರಿನ ಎದುರು ಎಷ್ಟು ಜನ ಬರಬಹುದು, ಫೋನ್ ನಂಬರ್, ಯಾರು ಕರೆಯಬೇಕು, ಕರೆದಾಯಿತೇ, ಬರುತ್ತೇನೆ ಎಂದರೇ, ಉಳಿದುಕೊಳ್ಳಲು ಕೋಣೆ ಬೇಕೇ, ನಡೆಯಲು ಕಷ್ಟವಿರುವ ಹಿರಿಯರಿದ್ದಾರೆಯೇ ಎಂಬ ಕಾಲಮ್‌ಗಳಿರಲಿ. ಇದೊಂದು ಹಾಳೆ ಸರಿಯಾಗಿದ್ದರೆ ಮುಂದಿನ ಅರ್ಧ ಕೆಲಸ ತಾನಾಗಿ ಆಗುತ್ತದೆ. ಅದನ್ನು ತಿದ್ದುವ ಅಧಿಕಾರ ಒಬ್ಬರಿಗೇ ಇರಲಿ, ನೋಡುವುದಕ್ಕೆ ಎಲ್ಲರಿಗೂ ಸಿಗಲಿ.

ಜನರ ಸಂಖ್ಯೆ ಸಮಯವನ್ನೂ ನುಂಗುತ್ತದೆ ಎಂಬುದು ಆ ದಿನದವರೆಗೆ ಹೊಳೆಯುವುದಿಲ್ಲ. ಲೆಕ್ಕ ಹಾಕಿ ನೋಡಿ. 300 ಜನ ಬರುತ್ತಾರೆ, ಮೂರು ಮೂರು ಜನ ಒಟ್ಟಿಗೆ ಬಂದು ಮದುಮಕ್ಕಳಿಗೆ ಶುಭ ಹಾರೈಸಿ, ಫೋಟೋಗೆ ನಿಂತು ಇಳಿಯುತ್ತಾರೆ ಎಂದುಕೊಳ್ಳಿ. ನೂರು ಗುಂಪಾಯಿತು. ಒಂದು ಗುಂಪಿಗೆ 45 ಸೆಕೆಂಡ್ ಎಂದರೂ 75 ನಿಮಿಷ. ಜನ 600 ಆದರೆ ಎರಡೂವರೆ ತಾಸು, ಮದುಮಕ್ಕಳು ಅಷ್ಟು ಹೊತ್ತೂ ನಿಂತೇ ಇರಬೇಕು, ನಗುತ್ತಲೇ ಇರಬೇಕು. ಊಟದ ಲೆಕ್ಕವೂ ಹಾಗೆಯೇ: ಒಂದು ಸಲಕ್ಕೆ ನೂರು ಜನ ಕೂರುವ ಜಾಗದಲ್ಲಿ 300 ಜನರಿಗೆ ಮೂರು ಸರದಿ, ಒಂದು ಸರದಿಗೆ ಶುಚಿ ಮಾಡುವುದೂ ಸೇರಿ 40 ನಿಮಿಷವಾದರೆ ಎರಡು ತಾಸು. ಈ ಎರಡು ಲೆಕ್ಕವನ್ನು ಮನೆಯವರ ಮುಂದಿಟ್ಟರೆ, ‘ಇನ್ನೂ ನೂರು ಜನರನ್ನು ಕರೆಯೋಣ’ ಎನ್ನುವವರೂ ಒಮ್ಮೆ ಯೋಚಿಸುತ್ತಾರೆ.

ಪಟ್ಟಿ ಚಿಕ್ಕದು ಮಾಡುವಾಗ ವ್ಯಕ್ತಿಗಳನ್ನು ತೆಗೆಯಬೇಡಿ, ನಿಯಮ ಮಾಡಿ. ‘ನೇರ ಸೋದರ ಸಂಬಂಧಿಗಳವರೆಗೆ ಎಲ್ಲರೂ, ಅದರಾಚೆ ಯಾರೂ ಇಲ್ಲ’, ‘ಆಫೀಸಿನಲ್ಲಿ ನನ್ನ ತಂಡದವರು ಮಾತ್ರ’ ಎಂಬಂಥ ನಿಯಮ ಇಬ್ಬರ ಕಡೆಗೂ ಒಂದೇ ಇದ್ದರೆ, ಕರೆಯದೆ ಉಳಿದವರಿಗೆ ವಿವರಿಸುವುದು ಸುಲಭ. ಒಬ್ಬರಿಗೆ ರಿಯಾಯಿತಿ ಕೊಟ್ಟಿರೋ, ನಿಯಮವೇ ಹೋಯಿತು. ತಂದೆತಾಯಿಯರ ಸ್ನೇಹಿತರಿಗೆ ಇಷ್ಟು ಎಂದು ಮೊದಲೇ ಸಂಖ್ಯೆ ಬಿಟ್ಟುಕೊಡಿ. ಅದರಲ್ಲಿ ಯಾರು ಬರಬೇಕೆಂಬುದನ್ನು ಅವರೇ ತೀರ್ಮಾನಿಸಲಿ, ನೀವು ತಲೆಹಾಕಬೇಡಿ.

ಮೂರನೆಯದು: ಹಣ

ಜನರ ಲೆಕ್ಕ ಸಿಕ್ಕ ಮೇಲೆ ಖರ್ಚನ್ನು ಎರಡು ಭಾಗ ಮಾಡಿ. ತಲೆಗಿಷ್ಟು ಎಂದು ಏರುವುದು ಒಂದು: ಊಟ, ಕುರ್ಚಿ, ವಸತಿ. ಎಷ್ಟು ಜನ ಬಂದರೂ ಅಷ್ಟೇ ಇರುವುದು ಇನ್ನೊಂದು: ಫೋಟೋಗ್ರಾಫರ್, ಬಟ್ಟೆ, ಸಂಗೀತ. ಖರ್ಚು ಕೈಮೀರುತ್ತಿದೆ ಎನಿಸಿದಾಗ ಎಲ್ಲಿ ಕತ್ತರಿ ಹಾಕಿದರೆ ನಿಜಕ್ಕೂ ಉಳಿಯುತ್ತದೆ ಎಂದು ಈ ಎರಡು ಕಾಲಮ್ ನೋಡಿದ ಕೂಡಲೇ ಗೊತ್ತಾಗುತ್ತದೆ. ಹೂವಿನಲ್ಲಿ, ಪತ್ರಿಕೆಯಲ್ಲಿ ಚೌಕಾಸಿ ಮಾಡಿ ಉಳಿಸಿದ್ದಕ್ಕಿಂತ ಹೆಚ್ಚನ್ನು ಐವತ್ತು ಹೆಸರು ಕಡಿಮೆಯಾದರೆ ಉಳಿಸಬಹುದು.

ಒಟ್ಟು ಮೊತ್ತದಲ್ಲಿ ಹತ್ತನೆಯ ಒಂದು ಭಾಗವನ್ನು ಯಾವ ಹೆಸರೂ ಇಲ್ಲದೆ ಪಕ್ಕಕ್ಕಿಡಿ. ಹೆಚ್ಚುವರಿ ಸಮಯದ ಬಾಡಿಗೆ, ಬಟ್ಟೆ ತಿದ್ದಿಸುವುದು, ಕೆಲಸದವರ ಊಟ, ಕೊನೆಗಳಿಗೆಯ ಗಾಡಿ, ಶುಚಿ ಮಾಡಿಸುವ ಖರ್ಚು, ಬಿಲ್ಲಿನ ಮೇಲಿನ ತೆರಿಗೆ, ಇವು ಯಾರ ಪಟ್ಟಿಯಲ್ಲೂ ಇರುವುದಿಲ್ಲ, ಬರುವುದು ಮಾತ್ರ ಖಂಡಿತ. ಸಾಲದ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಒಂದು ದಿನದ ಸಮಾರಂಭಕ್ಕಾಗಿ ವರ್ಷಗಟ್ಟಲೆ ಕಂತು ಕಟ್ಟುವ ಸಾಲ ಮಾಡಬೇಡಿ. ಹೊಸ ಸಂಸಾರದ ಮೊದಲ ತಿಂಗಳುಗಳಲ್ಲೇ ಹಣದ ಮಾತು ಕಹಿಯಾಗುವುದಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ.

ನಾಲ್ಕನೆಯದು: ಜಾಗ ನೋಡುವುದು, ಬರವಣಿಗೆಯಲ್ಲಿ ಪಡೆಯುವುದು

ಹಾಲ್ ನೋಡಲು ಹೋಗುವಾಗ ನಿಮ್ಮ ಸಮಾರಂಭ ನಡೆಯುವ ಹೊತ್ತಿಗೇ ಹೋಗಿ. ಬೆಳಗ್ಗೆ ತಂಪಾಗಿದ್ದ ಜಾಗ ಮಧ್ಯಾಹ್ನ ಕಾವಲಿಯಾಗಬಹುದು, ಹಗಲು ಖಾಲಿಯಿದ್ದ ರಸ್ತೆಯಲ್ಲಿ ಸಂಜೆ ಗಾಡಿ ನಿಲ್ಲಿಸಲು ಜಾಗವಿರದೇ ಇರಬಹುದು. ವೇದಿಕೆ, ಅಲಂಕಾರಗಳನ್ನು ಅವರೇ ತೋರಿಸುತ್ತಾರೆ. ನೀವು ಶೌಚಾಲಯ ಎಷ್ಟಿವೆ, ನೀರು ಬರುತ್ತದೆಯೇ, ಗಾಲಿಕುರ್ಚಿ ಹೋಗುವ ದಾರಿ ಇದೆಯೇ, ಕರೆಂಟ್ ಹೋದರೆ ಜನರೇಟರ್ ಯಾವುದಕ್ಕೆಲ್ಲ ಸಾಲುತ್ತದೆ, ಬಟ್ಟೆ ಬದಲಾಯಿಸುವ ಕೋಣೆಗೆ ಒಳಗಿನಿಂದ ಚಿಲಕವೂ ಹೊರಗಿನಿಂದ ಬೀಗವೂ ಇದೆಯೇ ಎಂದು ನೋಡಿ. ಒಡವೆ, ಹಣ, ಫೋನ್ ಎಲ್ಲ ಇಡುವುದು ಆ ಕೋಣೆಯಲ್ಲೇ.

ಹಾಲ್‌ನವರು, ಅಡುಗೆಯವರು, ಫೋಟೋಗ್ರಾಫರ್, ಅಲಂಕಾರದವರು, ಯಾರೇ ಆಗಲಿ, ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಕಾಗದದ ಮೇಲೆ ಪಡೆಯಿರಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ತಯಾರಿಗೆ ಯಾವಾಗಿನಿಂದ ಒಳಗೆ ಬಿಡುತ್ತಾರೆ, ಕೊಟ್ಟ ಮೊತ್ತದಲ್ಲಿ ಏನೇನು ಸೇರಿದೆ, ಸಮಯ ಮೀರಿದರೆ ಗಂಟೆಗೆಷ್ಟು, ಬಾಕಿ ಯಾವಾಗ ಕೊಡಬೇಕು, ತಾರೀಖು ಮುಂದೆ ಹೋದರೆ ಅಡ್ವಾನ್ಸ್ ಏನಾಗುತ್ತದೆ, ಒಪ್ಪಿಕೊಂಡ ವ್ಯಕ್ತಿಗೆ ಹುಷಾರಿಲ್ಲದಿದ್ದರೆ ಬದಲಿಗೆ ಯಾರು ಬರುತ್ತಾರೆ ಎಂಬಿಷ್ಟಕ್ಕೂ ಅದರಲ್ಲಿ ಉತ್ತರವಿರಬೇಕು. ಊಟದ ಕೊನೆಯ ಲೆಕ್ಕ ಎಷ್ಟು ದಿನ ಮುಂಚೆ ಹೇಳಬೇಕೆಂಬುದನ್ನು ಮರೆಯದೆ ಬರೆಸಿಕೊಳ್ಳಿ. ದೂರದ ತಾರೀಖುಗಳಲ್ಲಿ ಮೊದಲು ಸಿಗದಂತಾಗುವುದು ಜಾಗ ಮತ್ತು ಒಳ್ಳೆಯ ಫೋಟೋಗ್ರಾಫರ್, ಹಾಗಾಗಿ ಈ ಎರಡನ್ನು ಮೊದಲು ಗೊತ್ತು ಮಾಡಿ. ಉಳಿದವು ಕಾಯುತ್ತವೆ.

ಫೋಟೋಗ್ರಾಫರ್ ಹತ್ತಿರ ಕೇಳಬೇಕಾದ್ದು ಇನ್ನೆರಡಿದೆ: ಚಿತ್ರಗಳನ್ನು ಆ ದಿನವೇ ಎರಡು ಕಡೆ ಉಳಿಸಿಡುತ್ತಾರೆಯೇ, ಎಷ್ಟು ವಾರದಲ್ಲಿ ಕೊಡುತ್ತಾರೆ. ಮನೆಯವರ ಗುಂಪು ಫೋಟೋಗಳ ಪಟ್ಟಿಯನ್ನು ನೀವೇ ಬರೆದು ಕೊಡಬೇಕು. ಜನರನ್ನು ಕರೆದು ನಿಲ್ಲಿಸಿ ತೆಗೆಯಲು ಒಂದು ಗುಂಪಿಗೆ ಮೂರು ನಿಮಿಷವಾದರೂ ಬೇಕು, ಇಪ್ಪತ್ತು ಗುಂಪಿಗೆ ಒಂದು ತಾಸು. ಎರಡೂ ಕಡೆಯವರ ಮುಖಪರಿಚಯವಿರುವ ಒಬ್ಬ ಚುರುಕಿನ ತಮ್ಮನನ್ನೋ ತಂಗಿಯನ್ನೋ ಫೋಟೋಗ್ರಾಫರ್ ಪಕ್ಕದಲ್ಲಿ ನಿಲ್ಲಿಸಿ. ‘ಮುಂದಿನದು ಚಿಕ್ಕಮ್ಮನ ಮನೆಯವರು’ ಎಂದು ಕೂಗುವುದಷ್ಟೇ ಅವರ ಕೆಲಸ.

ಐದನೆಯದು: ಕ್ಯಾಲೆಂಡರ್

ಮದುವೆಯ ದಿನದಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲಿ ಗುರುತಿಸಿದ ಒಂದು ದೌರ್ಬಲ್ಯ ನಮ್ಮೆಲ್ಲರಲ್ಲೂ ಇದೆ: ನಮ್ಮ ಕೆಲಸಕ್ಕೆ ಎಷ್ಟು ಸಮಯ ಬೇಕೆಂದು ಕೇಳಿದರೆ ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತೇವೆ. 1994ರ ಒಂದು ಅಧ್ಯಯನದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನ ಸಾಕು ಎಂದಿದ್ದರು, ಹಿಡಿದದ್ದು 55ಕ್ಕೂ ಹೆಚ್ಚು ದಿನ. ಬಟ್ಟೆ ಹೊಲಿಸುವುದು, ಪತ್ರಿಕೆ ಅಚ್ಚು ಹಾಕಿಸುವುದು, ಮನೆಮನೆಗೆ ಹೋಗಿ ಕರೆಯುವುದು, ಇವುಗಳಿಗೆ ನಿಮ್ಮ ಮನಸ್ಸಿಗೆ ಬಂದ ದಿನಗಳ ಮೇಲೆ ಇನ್ನರ್ಧ ಸೇರಿಸಿ. ಆರು ತಿಂಗಳಿಗೆ ಮುಂಚೆ ಹೆಸರು, ಹಣ, ಜಾಗ. ಮೂರು ತಿಂಗಳಿರುವಾಗ ಬಟ್ಟೆ, ಪತ್ರಿಕೆ, ಊಟದ ವಿವರ. ಒಂದು ತಿಂಗಳಿರುವಾಗ ಕರೆಯುವುದು ಮುಗಿದಿರಬೇಕು. ಕೊನೆಯ ವಾರದಲ್ಲಿ ಹೊಸ ತೀರ್ಮಾನ ಬೇಡವೇ ಬೇಡ. ಇಷ್ಟು ಕಾಲ ಇಲ್ಲದವರು ಜನ ಕಡಿಮೆ ಮಾಡಿ, ಹೆಜ್ಜೆ ಬಿಡಬೇಡಿ.

ಮದುವೆಯ ಮಾತಿಗೆ ವಾರಕ್ಕೊಂದು ಹೊತ್ತು ಗೊತ್ತು ಮಾಡಿ. ರಾತ್ರಿ ಹನ್ನೊಂದಕ್ಕೆ ನೆನಪಾದದ್ದನ್ನು ಚೀಟಿಯಲ್ಲಿ ಬರೆದಿಟ್ಟು, ಯಾವಾಗ ಮಾಡುತ್ತೇನೆ ಎಂದು ಪಕ್ಕದಲ್ಲೇ ಬರೆದು ಮಲಗಿ. ಅರ್ಧಕ್ಕೆ ನಿಂತ ಕೆಲಸ ತಲೆ ಕೊರೆಯುವುದನ್ನು ಖಚಿತವಾದ ಯೋಜನೆಯೂ ತಗ್ಗಿಸುತ್ತದೆ, ಕೆಲಸ ಮುಗಿದೇ ಇರಬೇಕೆಂದಿಲ್ಲ ಎಂದು ಮನಶ್ಶಾಸ್ತ್ರಜ್ಞರಾದ ಮಸಿಕ್ಯಾಂಪೋ ಮತ್ತು ಬಾಮೈಸ್ಟರ್ 2011ರಲ್ಲಿ ತೋರಿಸಿದ್ದಾರೆ. ಮದುವೆಯ ಮಾತೇ ಆಡದ ಒಂದು ಸಂಜೆಯೂ ವಾರದಲ್ಲಿರಲಿ, ಇಬ್ಬರೂ ಬರೀ ಇಬ್ಬರಾಗಿ ಕಳೆಯುವುದಕ್ಕೆ.

ಮೈಯ ಬಗ್ಗೆ ಚಿಕ್ಕ ಮಾತು: ಹೊಸ ಕ್ರೀಮು, ಹೊಸ ಚಿಕಿತ್ಸೆ ಯಾವುದನ್ನೂ ಕೊನೆಯ ವಾರಗಳಲ್ಲಿ ಪ್ರಯೋಗಿಸಬೇಡಿ. ಉಪವಾಸ ಬಿದ್ದು ತೂಕ ಇಳಿಸಬೇಡಿ. ಹೊಸ ಚಪ್ಪಲಿಯನ್ನು ಮನೆಯೊಳಗೆ ಹಾಕಿಕೊಂಡು ಪಳಗಿಸಿ.

ಇದೆಲ್ಲದರ ನಡುವೆ ಒಂದನ್ನು ಬೇರೆಯಾಗಿ ನೋಡಬೇಕು. ಕೆಲಸದ ಸುಸ್ತು ಒಂದು ಬಗೆ. ಈ ವ್ಯಕ್ತಿಯ ಜೊತೆ ಬದುಕುವುದೆಂದರೆ ಭಯವಾಗುತ್ತಿದೆ, ಮಾತು ಮಾತಿಗೆ ಅವಮಾನವಾಗುತ್ತಿದೆ, ಬೇಡ ಎನ್ನಲು ಬಿಡುತ್ತಿಲ್ಲ ಎಂಬುದು ಇನ್ನೊಂದು ಬಗೆ. ಅದಕ್ಕೆ ಪಟ್ಟಿ, ಕ್ಯಾಲೆಂಡರ್ ಯಾವುದೂ ಮದ್ದಲ್ಲ. ಅಡ್ವಾನ್ಸ್ ಹೋದರೂ, ಪತ್ರಿಕೆ ಹಂಚಿಯಾಗಿದ್ದರೂ, ನಂಬಿಕೆಯವರೊಬ್ಬರ ಹತ್ತಿರ ಹೇಳಿ, ನಿಲ್ಲಿಸಿ. ಹೆತ್ತವರಿಗೂ ನನ್ನ ವಿನಂತಿ: ಮಗಳೋ ಮಗನೋ ಹೀಗೆ ಹೇಳಿದರೆ ‘ಎಲ್ಲರಿಗೂ ಹೀಗೇ ಅನ್ನಿಸುತ್ತೆ’ ಎಂದು ತಳ್ಳಿಹಾಕಬೇಡಿ, ಕೂತು ಕೇಳಿ.

ಆರನೆಯದು: ಆ ದಿನ

ಮದುವೆಯ ದಿನ ಮದುಮಕ್ಕಳಿಗೆ, ಅವರ ತಂದೆತಾಯಿಗೆ ಯಾವ ಪ್ರಶ್ನೆಯೂ ಬರಬಾರದು. ಅದಕ್ಕೆ ಒಬ್ಬ ಮೇಲ್ವಿಚಾರಕರು ಬೇಕು. ಶಾಂತವಾಗಿ ಮಾತಾಡುವ, ಸಣ್ಣ ಖರ್ಚನ್ನು ಕೇಳದೆ ಮಾಡುವ ಸ್ವಾತಂತ್ರ್ಯವಿರುವ ಸ್ನೇಹಿತರೋ ನೆಂಟರೋ ಆಗಬಹುದು. ಎಲ್ಲ ಕೆಲಸದವರ ನಂಬರ್, ಕರಾರಿನ ಪ್ರತಿ, ಕೊಡಬೇಕಾದ ಬಾಕಿಯ ಲಕೋಟೆಗಳು, ಒಂದು ಪುಟದ ವೇಳಾಪಟ್ಟಿ ಅವರ ಕೈಯಲ್ಲಿರಲಿ. ಕೆಲಸದವರಿಗೂ ಅವರ ನಂಬರನ್ನೇ ಕೊಟ್ಟಿರಬೇಕು. ಮದುಮಕ್ಕಳ ಫೋನ್ ಮೇಲ್ವಿಚಾರಕರ ಹತ್ತಿರವೇ ಇದ್ದರೆ ಇನ್ನೂ ಒಳ್ಳೆಯದು.

ವೇಳಾಪಟ್ಟಿಯಲ್ಲಿ ಒಂದು ಕಾರ್ಯಕ್ಕೂ ಇನ್ನೊಂದಕ್ಕೂ ನಡುವೆ ಕಾಲು ಗಂಟೆ ಖಾಲಿ ಬಿಡಿ. ಮದುಮಕ್ಕಳ ಊಟದ ಸಮಯವನ್ನೂ ಅದರಲ್ಲಿ ಬರೆಯಿರಿ, ಇಲ್ಲದಿದ್ದರೆ ಅವರು ಉಣ್ಣುವುದು ಎಲ್ಲ ಮುಗಿದ ಮೇಲೆಯೇ. ಒಂದು ಪೆಟ್ಟಿಗೆಯಲ್ಲಿ ಸೂಜಿ ದಾರ, ಪಿನ್ನು, ಕತ್ತರಿ, ಟೇಪು, ತಲೆನೋವಿನ ಮಾತ್ರೆ, ಮನೆಯವರು ದಿನಾ ತೆಗೆದುಕೊಳ್ಳುವ ಔಷಧಿ, ಬ್ಯಾಂಡೇಜು, ಚಾರ್ಜರ್, ಟಿಶ್ಯೂ, ಚಿಲ್ಲರೆ ಹಣ, ಟಾರ್ಚ್ ಹಾಕಿ, ಯಾರ ಹತ್ತಿರವಿದೆಯೆಂದು ಹತ್ತು ಜನರಿಗೆ ಹೇಳಿಡಿ.

ಮಳೆ ಬಂದರೆ ಎಲ್ಲಿಗೆ ಹೋಗುವುದು, ಮೈಕ್ ಕೆಟ್ಟರೆ ಯಾರನ್ನು ಕರೆಯುವುದು, ಬರಬೇಕಾದವರು ಒಂದು ಗಂಟೆ ತಡವಾದರೆ ಏನನ್ನು ಬಿಡುವುದು, ಈ ಮೂರಕ್ಕೆ ಹಿಂದಿನ ದಿನವೇ ಉತ್ತರ ಬರೆದಿಡಿ. ಉಳಿದ ಏರುಪೇರುಗಳನ್ನು ಮೇಲ್ವಿಚಾರಕರ ವಿವೇಕಕ್ಕೆ ಬಿಡಿ. ಅವರು ತೆಗೆದುಕೊಂಡ ತೀರ್ಮಾನವನ್ನು ಆ ದಿನ ಯಾರೂ ಪ್ರಶ್ನಿಸಬಾರದು.

ಮುಗಿದ ಮೇಲೆ

ಬಾಡಿಗೆ ಸಾಮಾನು ಎಣಿಸಿ ವಾಪಸ್ ಕೊಡುವುದಕ್ಕೆ, ಉಡುಗೊರೆಗಳನ್ನು ಮನೆಗೆ ಸಾಗಿಸುವುದಕ್ಕೆ, ಹಾಲ್‌ಗೆ ಕಟ್ಟಿದ ಠೇವಣಿ ಬಿಡಿಸಿಕೊಳ್ಳುವುದಕ್ಕೆ ಮೊದಲೇ ಹೆಸರು ಹಾಕಿ. ಯಾರು ಯಾವ ಉಡುಗೊರೆ ಕೊಟ್ಟರು ಎಂದು ಬಿಚ್ಚುವಾಗಲೇ ಬರೆದುಕೊಳ್ಳದಿದ್ದರೆ ಆಮೇಲೆ ಕೃತಜ್ಞತೆ ಹೇಳುವಾಗ ತಡಕಾಡಬೇಕಾಗುತ್ತದೆ.

ಮದುವೆಯ ನೋಂದಣಿಗೆ ಎಷ್ಟು ದಿನ ಮುಂಚೆ ಅರ್ಜಿ ಕೊಡಬೇಕು, ಯಾವ ದಾಖಲೆ ಬೇಕು, ಎಷ್ಟು ಸಾಕ್ಷಿಗಳು ಬೇಕು ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಆದ್ದರಿಂದ ತಾರೀಖು ನಿಶ್ಚಯವಾದ ವಾರವೇ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿ. ಸಹಿ ಹಾಕುವ ಮುಂಚೆ ಇಬ್ಬರ ಹೆಸರು, ಹುಟ್ಟಿದ ತಾರೀಖು, ತಂದೆತಾಯಿಯರ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಅಕ್ಷರ ಅಕ್ಷರ ಸರಿಯಾಗಿವೆಯೇ ಎಂದು ಓದಿ ನೋಡಿ. ಪಾಸ್‌ಪೋರ್ಟ್, ಬ್ಯಾಂಕು, ವಿಮೆ ಎಂದು ಮುಂದೆ ಬೇಕಾಗುತ್ತಲೇ ಇರುತ್ತದೆ, ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಆಗಲೇ ಎರಡು ಮೂರು ತೆಗೆಸಿಟ್ಟುಕೊಳ್ಳಿ.